ಚಂಚಲ ಚಿತ್ತದ ಬಲಾಬಲ

ಕಳೆದ ವರ್ಷ ದೀಪಾವಳಿಯ ಪಾಡ್ಯ ಮುಗಿದು ನಾಲ್ಕೈದು ದಿನಗಳಾಗಿದ್ದವು. ಸಂಪಗಾಂವದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿರುವಾಗ ನಾಲ್ವತ್ತು ದಾಟಿದ ಗೃಹಸ್ಥನೊಬ್ಬನು ಹತ್ತು ವರ್ಷದ ಮಗನ ಕೈ ಹಿಡಿದುಕೊಂಡು ಬಂದು ನಮಸ್ಕರಿಸಿದನು. ನಮಗೆ ಗುರುತು ಹತ್ತಲಿಲ್ಲ. "ಗುರುಗಳ, ದಿನಾಲು ಒಬ್ಬಾಂವನ್ನ ಬಾಗಿಲ ಹೊರಗ ನಿಲ್ಲಸ್ತಿದ್ದಿರಲ್ಲ, ಆ ಹುಡುಗ ನಾನ" ಎಂದು ಅವನು ನಗುತ್ತ ನುಡಿದ ಕೂಡಲೆ ನೆನಪು ಒಮ್ಮೆಲೆ ಮರಳಿತು. ಸಂಸ್ಕೃತದ ತಾಸಿನಲ್ಲಿ ಒಂದು ಗಳಿಗೆ ಸುಮ್ಮನೆ ಕೂಡದೆ, ಕೇಳಿದ ಪ್ರಶ್ನೆ ಮುಗಿಯುವದರೊಳಗೆ ಉತ್ತರ ಹೇಳಿ, ಪುಸ್ತಕ ತರುವದನ್ನು ಮಾತ್ರ ನಿತ್ಯವೂ ಮರೆಯುತ್ತಿದ್ದ ಹುಡುಗನು ಅವನೇ!

ಅವನೀಗ ಬೈಲಹೊಂಗಲದ ಕಡೆಗೆ ಟ್ರ್ಯಾಕ್ಟರುಗಳನ್ನೂ ನೀರೆತ್ತುವ ಪಂಪುಗಳನ್ನೂ ದುರಸ್ತಿ ಮಾಡುವ ಚಿಕ್ಕ ಕಾರಖಾನೆಯೊಂದನ್ನು ನಡೆಯಿಸುತ್ತಾನೆ. ಮಗನು ಶಾಲೆಯಲ್ಲಿ ಒಂದೆಡೆ ಕೂಡುವದಿಲ್ಲವೆಂದು ದೂರು ಬಂದುದರಿಂದ ಅವನನ್ನು ಧಾರವಾಡಕ್ಕೆ ಮನೋವೈದ್ಯರ ಬಳಿಗೆ ಕರೆದೊಯ್ದಿದ್ದನಂತೆ. ವೈದ್ಯರು ಹುಡುಗನ ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತ ಹೋದಂತೆ ತಂದೆಯು ಬೆರಗಾಗಿ, "ಸಾಹೇಬರ, ಇದು ಅವನ ಕಥಿ ಅಷ್ಟ ಅಲ್ಲ, ನನ್ನ ಕಥೀನೂ ಹೌದು" ಎಂದನಂತೆ. ಮುಂದೆ ಎರಡು-ಮೂರು ಸಲ ಕರೆಯಿಸಿ ಪರೀಕ್ಷಿಸಿದ ಮೇಲೆ ವೈದ್ಯರು ತಂದೆ-ಮಕ್ಕಳಿಬ್ಬರಲ್ಲಿಯೂ ಒಂದೇ ಸ್ಥಿತಿಯನ್ನು ಗುರುತಿಸಿದರು. ಬಾಲ್ಯದ ನಡತೆಗೆ ಸಾಕ್ಷಿಯಾಗಿ ಹಳೆಯ ಶಾಲಾ ಕಾಗದಗಳಿದ್ದರೆ ತರಬೇಕೆಂದು ಅವರು ಹೇಳಿದ್ದರಿಂದ, ಅವನ ತಾಯಿಯು ಟ್ರಂಕಿನ ತಳದಲ್ಲಿ ಕಾಯ್ದಿಟ್ಟಿದ್ದ 1996ರ ಪ್ರಗತಿಪತ್ರವು ಹೊರಬಿದ್ದಿತು. ಅದನ್ನೇ ಈಗ ನಮ್ಮ ಮುಂದೆ ಇಟ್ಟನು. ನಮ್ಮದೇ ಹಸ್ತಾಕ್ಷರ: "ಬುದ್ಧಿ ಉಂಟು, ಲಕ್ಷ್ಯವಿಲ್ಲ. ಬೇಕೆಂದೇ ಮಾಡುತ್ತಾನೆ."

ವಾಚಕರೇ, ಈ ಎರಡು ವಾಕ್ಯಗಳಲ್ಲಿ ಮೊದಲನೆಯದು ಖರೆ, ಎರಡನೆಯದು ಸುಳ್ಳು. ಆ ಸುಳ್ಳನ್ನು ಬರೆದವರು ನಾವು. ಮೂವತ್ತು ವರ್ಷ ಪಾಠ ಹೇಳಿದ ಮೇಲೆ ಈ ಒಂದು ಶೇರೆಯು ನಮ್ಮ ನಿದ್ರೆಯನ್ನು ಕೆಡಿಸಿತು. ನಮ್ಮಂತೆಯೇ ತಪ್ಪು ತಿಳಿದಿರುವ ತಂದೆತಾಯಿಗಳೂ, ಗಂಡಹೆಂಡಿರೂ, ಶಿಕ್ಷಕರೂ ಇನ್ನೂ ಅನೇಕರಿರುವರಾದ್ದರಿಂದ, ಆ ಮೇಲೆ ಓದಿ ಕೇಳಿ ತಿಳಿದುದನ್ನೂ ಆ ಶಿಷ್ಯನ ಬಾಳಿನಲ್ಲಿ ಕಣ್ಣಾರೆ ಕಂಡುದನ್ನೂ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಈ ಸ್ಥಿತಿಯನ್ನು ಎ.ಡಿ.ಎಚ್.ಡಿ. ಎಂದು ವೈದ್ಯರು ಕರೆಯುತ್ತಾರೆ. ಅವಧಾನದ ಕೊರತೆ ಹಾಗೂ ಅತಿಚಾಂಚಲ್ಯ ಎಂದು ಅದರ ಅರ್ಥ. ಆದರೆ ಕೊರತೆ ಎಂಬ ಮಾತು ಅಷ್ಟು ಸರಿಯಾಗಿಲ್ಲ. ಇಂಥವರಲ್ಲಿ ಅವಧಾನವು ಧಾರಾಳವಾಗಿಯೇ ಇರುವದು. ಅದನ್ನು ಬೇಕಾದೆಡೆಗೆ ತಿರುಗಿಸಿ, ಬೇಕಾದಷ್ಟು ಹೊತ್ತು ನಿಲ್ಲಿಸುವ ಕಡಿವಾಣವು ಸಡಿಲಾಗಿರುವದು. ಅಷ್ಟಾವಧಾನವನ್ನು ನೋಡಿದವರಿಗೆ ಇದನ್ನು ತಿಳಿಸುವದು ಸುಲಭ. ಅವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು ಕುಳಿತು ಒಬ್ಬರು ನಿಷೇಧಾಕ್ಷರಿ, ಒಬ್ಬರು ದತ್ತಪದಿ, ಒಬ್ಬರು ಸಮಸ್ಯೆ, ಹೀಗೆ ಪ್ರಶ್ನೆಗಳನ್ನು ಒಡ್ಡುತ್ತಿರುವರು. ಅವರಲ್ಲಿ ಅಪ್ರಸ್ತುತ ಪ್ರಸಂಗದವನ ಕೆಲಸವೇ ಬೇರೆ: ನಡುನಡುವೆ ಸಂಬಂಧವಿಲ್ಲದ ಮಾತು ತೆಗೆದು ಅವಧಾನಿಯ ಏಕಾಗ್ರತೆಯನ್ನು ಮುರಿಯುವದು. ಎ.ಡಿ.ಎಚ್.ಡಿ. ಇದ್ದವರ ತಲೆಯೊಳಗೆ ಈ ಅಪ್ರಸ್ತುತ ಪ್ರಸಂಗದ ಪೃಚ್ಛಕನು ಮುಂಜಾನೆಯಿಂದ ಮಲಗುವವರೆಗೆ ಮಾತಾಡುತ್ತಲೇ ಇರುವನೆಂದು ಭಾವಿಸಿರಿ. ಅವನನ್ನು ಎಬ್ಬಿಸಿ ಕಳಿಸುವದು ಅವರ ಕೈಯಲ್ಲಿಲ್ಲ.

ಚಿತ್ತಚಾಂಚಲ್ಯವು ಎಲ್ಲರಿಗೂ ಇದ್ದುದೇ ಅಲ್ಲವೇ ಎಂದು ಕೆಲವರು ಕೇಳಬಹುದು. ನಿಜ, ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನೂ ಮನಸ್ಸಿನ ಚಾಂಚಲ್ಯವನ್ನು ತೋಡಿಕೊಳ್ಳುತ್ತಾನೆ. ಯೋಗಸೂತ್ರಕ್ಕೆ ವ್ಯಾಸರು ಬರೆದ ಭಾಷ್ಯದಲ್ಲಿ ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ ಎಂದು ಚಿತ್ತದ ಐದು ಭೂಮಿಗಳನ್ನು ಹೇಳಿದೆ. ಅವು ಮನುಷ್ಯಮಾತ್ರರೆಲ್ಲರಿಗೂ ಸಂಬಂಧಿಸಿದವು. ನಾವು ಹೇಳುತ್ತಿರುವ ಸ್ಥಿತಿಯಾದರೋ ಚಿಕ್ಕಂದಿನಿಂದಲೇ ಮೊದಲಾಗಿ, ಮನೆ, ಶಾಲೆ, ಕಚೇರಿ ಎನ್ನದೆ ಎಲ್ಲೆಡೆಯಲ್ಲಿಯೂ ಕಾಣಿಸಿಕೊಂಡು, ಬಾಳನ್ನೇ ತೊಡಕಿಗೆ ಹಚ್ಚುವಷ್ಟು ತೀವ್ರವಾಗಿರುವದು. ಅಮೇರಿಕೆಯ ಮನೋವೈದ್ಯರು 2013ರಲ್ಲಿ ಪ್ರಕಟಿಸಿದ ಲಕ್ಷಣಗ್ರಂಥದ ಪ್ರಕಾರ, ಅನವಧಾನಕ್ಕೆ ಒಂಬತ್ತು, ಚಾಂಚಲ್ಯ-ದುಡುಕುಗಳಿಗೆ ಒಂಬತ್ತು ಲಕ್ಷಣಗಳುಂಟು. 17 ವರ್ಷ ತುಂಬಿದವರಲ್ಲಿ ಎರಡು ಗುಂಪುಗಳ ಪೈಕಿ ಒಂದರಲ್ಲಾದರೂ ಐದು ಲಕ್ಷಣಗಳಿರಬೇಕು. ಕೆಲವಾದರೂ 12 ವರ್ಷದೊಳಗೇ ತೋರಿರಬೇಕು. ಪ್ರಾಯಸ್ಥರಲ್ಲಿ ನೂರಕ್ಕೆ ಸುಮಾರು ಎರಡು-ಮೂರು ಜನರಿಗೆ ಇದು ಇರುವದೆಂದು ಅಂದಾಜು. ಅವಳಿ ಮಕ್ಕಳ ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಈ ವಿಷಯದಲ್ಲಿ ಜನರೊಳಗೆ ಕಾಣುವ ವ್ಯತ್ಯಾಸದ ಮುಕ್ಕಾಲು ಪಾಲಿಗೆ ಆನುವಂಶಿಕ ಕಾರಣಗಳಿವೆಯೆಂದು ತಿಳಿದುಬಂದಿದೆ. ಆದುದರಿಂದ ಮಗನ ಪರೀಕ್ಷೆಯಲ್ಲಿ ತಂದೆಯ ಗುಟ್ಟು ಹೊರಬಿದ್ದುದು ಆಶ್ಚರ್ಯವಲ್ಲ.

ಇದು ಮೊಬೈಲಿನ ಕಾಲದ ಹೊಸ ರೋಗವೂ ಅಲ್ಲ. ಸ್ಕಾಟ್ಲಂಡದ ವೈದ್ಯ ಅಲೆಕ್ಸಾಂಡರ್ ಕ್ರೈಟನ್ನನು 1798ರಲ್ಲಿಯೇ ಅವಧಾನದ ಇಂಥ ವಿಕಾರವನ್ನು ವರ್ಣಿಸಿದ್ದನು. ಲಂಡನ್ನಿನ ಬಾಲವೈದ್ಯ ಜಾರ್ಜ್ ಸ್ಟಿಲ್ಲನು 1902ರಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸಗಳನ್ನು ಕೊಟ್ಟು, ಬುದ್ಧಿ ಸರಿಯಾಗಿದ್ದರೂ ನೈತಿಕ ಸಂಯಮದಲ್ಲಿ ದೋಷವಿದೆಯೆಂದು ಹೆಸರಿಟ್ಟನು. 1937ರಲ್ಲಿ ಅಮೇರಿಕೆಯ ಚಾರ್ಲ್ಸ್ ಬ್ರ್ಯಾಡ್ಲಿ ಎಂಬ ವೈದ್ಯನು ಮಕ್ಕಳ ತಲೆನೋವಿಗೆಂದು ಒಂದು ಉತ್ತೇಜಕ ಔಷಧವನ್ನು ಕೊಡಲು, ತಲೆನೋವಿನ ಮಾತು ಹಾಗಿರಲಿ, ಮಕ್ಕಳು ಪಾಠದಲ್ಲಿ ಚಿತ್ತವಿಟ್ಟು ಕುಳಿತುದನ್ನು ಕಂಡನು. ಮಿದುಳಿನ ರಾಸಾಯನಿಕ ವ್ಯವಹಾರಕ್ಕೂ ಅವಧಾನಕ್ಕೂ ಸಂಬಂಧವಿದ್ದುದು ಹೀಗೆ ಅಕಸ್ಮಾತ್ತಾಗಿ ಬೆಳಕಿಗೆ ಬಂದಿತು. ಸ್ಟಿಲ್ಲನಂಥ ವೈದ್ಯನೇ ಇದನ್ನು ನೀತಿಯ ದೋಷವೆಂದು ಬಗೆದನೆಂದು ನಾವು ಸಮಾಧಾನ ತಂದುಕೊಳ್ಳಬಹುದಾಗಿತ್ತು. ಆದರೆ ಅವನು ಹೇಳಿ ತೊಂಬತ್ತು ವರ್ಷಗಳ ಮೇಲೆ ನಾವೂ ಅದನ್ನೇ ಬರೆದೆವಲ್ಲ!

ಇನ್ನು ಇವರ ಬಲದ ಮಾತು. ಆ ಶಿಷ್ಯನ ಆಗ್ರಹದ ಮೇರೆಗೆ ನಾವು ಒಂದು ದಿನ ಅವನ ಕಾರಖಾನೆಯಲ್ಲಿ ಕುಳಿತು ನೋಡಿದೆವು. ಯಾರಿಗೂ ಬಗೆಹರಿಯದ ಯಂತ್ರವೊಂದನ್ನು ಬಿಚ್ಚಿ ಹರವಿಕೊಂಡನೆಂದರೆ ಹಸಿವು, ನೀರಡಿಕೆ, ಕರೆಯುವ ದನಿ ಯಾವುದೂ ಅವನಿಗೆ ತಾಕುವದಿಲ್ಲ. ಸುಭಾಷಿತದ ಒಂದು ಪಾದವನ್ನು ಬಾಯಿಪಾಠ ಮಾಡದಿದ್ದ ಆ ಹುಡುಗನು ಮೂರು ತಾಸು ತಲೆಯೆತ್ತಲಿಲ್ಲ. ಮನಸ್ಸನ್ನು ಸೆಳೆಯುವ ಕೆಲಸ ದೊರೆತರೆ ಇವರ ಅವಧಾನವು ಬೇರೆಯವರಿಗಿಂತ ಆಳಕ್ಕಿಳಿಯುವದುಂಟು. ಎರಡನೆಯದಾಗಿ, ಎಲ್ಲರೂ ಗಾಬರಿಯಾಗುವ ಹೊತ್ತಿನಲ್ಲಿ ಇವನ ಚಿತ್ತ ಶಾಂತವಾಗುವದು. ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಬಂಡಿಗಳು ಅರ್ಧ ದಾರಿಯಲ್ಲಿ ಕೆಟ್ಟು ನಿಂತರೆ ನಡುರಾತ್ರಿಯಲ್ಲಿ ಜನರು ಕರೆಯುವದು ಇವನನ್ನೇ. ಮೂರನೆಯದಾಗಿ, ಅಪ್ರಸ್ತುತವಾಗಿ ಹೊಳೆಯುವ ವಿಚಾರಗಳಲ್ಲಿ ಒಂದೊಂದು ಬಹಳ ಬೆಲೆಯುಳ್ಳದ್ದಾಗಿರುವದು. ಬಿಡಿಭಾಗ ಸಿಗದಿದ್ದಾಗ ಹಳೆಯ ಪಂಪಿನ ತುಂಡೊಂದನ್ನು ಕೊರೆದು ಟ್ರ್ಯಾಕ್ಟರಿಗೆ ಹೊಂದಿಸಿದ್ದನ್ನು ನಾವೇ ಕಂಡೆವು. ಕಡೆಯದಾಗಿ, ಎಷ್ಟೋ ಸಲ ಬಿದ್ದವನಾದ್ದರಿಂದ ಬಿದ್ದವರನ್ನು ಅವನು ಹಳಿಯುವದಿಲ್ಲ. ಶಾಲೆ ಬಿಟ್ಟ ಇಬ್ಬರು ಹುಡುಗರು ಅವನ ಬಳಿ ಕೆಲಸ ಕಲಿಯುತ್ತಿದ್ದಾರೆ. ಒಂದೇ ಮಾತನ್ನು ನಾಲ್ಕು ಸಲ ಹೇಳುವಾಗಲೂ ಅವನ ಮೋರೆ ಗಂಟಿಕ್ಕಲಿಲ್ಲ.

ಇದು ಶಿಷ್ಯಪ್ರೇಮದ ಮಾತೆಂದು ವಾಚಕರು ತಿಳಿಯಬಾರದು. ಈ ಸ್ಥಿತಿಯಿದ್ದೂ ಬಾಳಿನಲ್ಲಿ ಮೇಲೆ ಬಂದ ಆರು ಜನ ಗಂಡಸರನ್ನು ಇಂಗ್ಲಂಡದ ಸಂಶೋಧಕರು ಆಳವಾಗಿ ಪ್ರಶ್ನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಚುರುಕಾದ ವಿಚಾರಶಕ್ತಿ, ಧೈರ್ಯ, ಚೈತನ್ಯ, ಮಾನವೀಯತೆ, ಮತ್ತೆ ಚೇತರಿಸಿಕೊಳ್ಳುವ ಗುಣ ಇವು ಎದ್ದುಕಂಡವು. ಆರು ಜನರಿಂದ ಎಲ್ಲರನ್ನೂ ಅಳೆಯಲಾಗದು. ಆದರೂ ನಾವು ಕಂಡುದಕ್ಕೂ ಅವರು ಕಂಡುದಕ್ಕೂ ಹೊಂದಿಕೆಯಿದೆ. ಅಮೇರಿಕೆಯ ಈಜುಗಾರ ಮೈಕೆಲ್ ಫೆಲ್ಪ್ಸ್‌ನಿಗೆ ಚಿಕ್ಕಂದಿನಲ್ಲಿಯೇ ಈ ಸ್ಥಿತಿಯಿರುವದು ಗೊತ್ತಾಗಿತ್ತು. ಅವನು 2004ರಿಂದ 2016ರ ವರೆಗಿನ ಒಲಿಂಪಿಕ್ ಪಂದ್ಯಗಳಲ್ಲಿ 28 ಪದಕಗಳನ್ನು, ಅವುಗಳಲ್ಲಿ 23 ಬಂಗಾರದವನ್ನು ಗೆದ್ದನು. ಅದೇ ಫೆಲ್ಪ್ಸ್ ತಾನು ಖಿನ್ನತೆಯಿಂದ ಬಳಲಿದುದನ್ನೂ ಬಹಿರಂಗವಾಗಿ ಹೇಳಿಕೊಂಡಿದ್ದಾನೆ. ಈ ಎರಡನೆಯ ಸಂಗತಿಯನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವದು ಅನ್ಯಾಯ.

ಯಾಕಂದರೆ ಮೇಲೆ ಹೇಳಿದ ಒಂದೊಂದು ಬಲಕ್ಕೂ ಬೆನ್ನಿಗೊಂದು ತೊಡಕುಂಟು. ಯಂತ್ರದಲ್ಲಿ ಮುಳುಗಿದವನು ಮಗನನ್ನು ಶಾಲೆಯಿಂದ ಕರೆತರುವದನ್ನು ಮರೆಯುವನು. ಸಂಕಟದಲ್ಲಿ ಚುರುಕಾಗುವವನು ಸಂಕಟವಿಲ್ಲದ ದಿನ ವಿದ್ಯುತ್ತಿನ ಬಿಲ್ಲು ಕಟ್ಟುವದಿಲ್ಲ. ಹೊಸ ವಿಚಾರ ಹೊಳೆದ ಭರದಲ್ಲಿ ಸಾಲ ಮಾಡಿ ಬೇಡದ ಸಾಮಾನು ತರುವನು. ಇಲ್ಲವೆನ್ನಲಾರದೆ ಹತ್ತು ಜನರಿಗೆ ಒಂದೇ ದಿನದ ವಾಯದೆ ಕೊಡುವನು. ಧಾರವಾಡಕ್ಕೆ ಹೋಗುವದಕ್ಕಿಂತ ಮುಂಚೆ ನಮ್ಮ ಶಿಷ್ಯನು ಎರಡು ಧಂದೆಗಳಲ್ಲಿ ಕೈ ಸುಟ್ಟುಕೊಂಡಿದ್ದನು. ಹೆಂಡತಿಯ ಒಡವೆಗಳನ್ನು ಒತ್ತೆಯಿಟ್ಟಿದ್ದನು. "ನಾನು ಕೆಲಸಕ್ಕೆ ಬಾರದವ" ಎಂದು ರಾತ್ರಿಯೆಲ್ಲ ಕುಳಿತಿದ್ದುಂಟಂತೆ. ಆ ಮಾತು ಅವನ ಬಾಯಿಂದ ಬಂದಾಗ ನಮ್ಮ ಶೇರೆಯೇ ತಿರುಗಿ ನಮಗೆ ಕೇಳಿಸಿದಂತಾಯಿತು.

ಒಂದೇ ಗುಣವು ಒಂದೆಡೆ ಬಲ, ಇನ್ನೊಂದೆಡೆ ಹೊರೆ ಆಗುವದು ಹೇಗೆ? ಕೆನ್ಯಾ ದೇಶದ ಉತ್ತರಕ್ಕೆ ಅರಿಯಾಲ್ ಎಂಬ ಪಶುಪಾಲಕ ಜನರಿದ್ದಾರೆ. ಅವರಲ್ಲಿ ಕೆಲವರು ದನಕರುಗಳೊಡನೆ ಅಲೆಯುವರು. ಕೆಲವರು ಒಂದೆಡೆ ನೆಲೆಸಿರುವರು. ಎ.ಡಿ.ಎಚ್.ಡಿ.ಯೊಡನೆ ಸಂಬಂಧವುಳ್ಳದ್ದೆಂದು ಎಣಿಸಲಾದ ಒಂದು ವಂಶಾಣುವಿನ ರೂಪವನ್ನು ಹೊತ್ತವರು ಅಲೆಮಾರಿಗಳಲ್ಲಿ ಉಳಿದವರಿಗಿಂತ ಪುಷ್ಟರಾಗಿಯೂ, ನೆಲೆಸಿದವರಲ್ಲಿ ಉಳಿದವರಿಗಿಂತ ಕೃಶರಾಗಿಯೂ ಇದ್ದರೆಂದು 2008ರ ಅಧ್ಯಯನವೊಂದು ತಿಳಿಸಿತು. ಒಂದು ಅಧ್ಯಯನದಿಂದ ಸಿದ್ಧಾಂತವಾಗದು. ಆದರೆ ಅದರ ಸೂಚನೆಯು ನಮ್ಮ ನಾಡಿನ ಒಕ್ಕಲಿಗನಿಗೆ ಹೊಸದಲ್ಲ.

ಬೈಲಹೊಂಗಲ, ಸವದತ್ತಿಗಳ ಎರೆಭೂಮಿಯನ್ನು ನೋಡಿರಿ. ಮಳೆಗಾಲದಲ್ಲಿ ಕಾಲಿಟ್ಟರೆ ಮೊಳಕಾಲಿಗೆ ಅಂಟುವದು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವದು. ಪರದೇಶದವನು ಕಂಡರೆ ಇದೆಂಥ ಕೆಟ್ಟ ನೆಲವೆಂದಾನು. ಆದರೆ ಮಳೆ ನಿಂತ ಮೇಲೂ ಒಡಲಲ್ಲಿ ತೇವ ಹಿಡಿದಿಟ್ಟು ಹಿಂಗಾರಿ ಜೋಳವನ್ನು ತೆನೆಗೆ ತರುವದು ಇದೇ ನೆಲ. ಕಿತ್ತೂರಿನ ಕಡೆಯ ಕೆಂಪುಮಣ್ಣಿನ ಪದ್ಧತಿಯಿಂದ ಇದನ್ನು ಉಳುವದಕ್ಕೆ ಹೋದರೆ ಎತ್ತು ದಣಿದೀತು, ನೇಗಿಲು ಮುರಿದೀತು. ನಮ್ಮ ಒಕ್ಕಲಿಗನು ಎರೆಯನ್ನು ಬಯ್ಯುವದಿಲ್ಲ, ಪೂಜಿಸಿ ಸುಮ್ಮನೆ ಕೂಡುವದೂ ಇಲ್ಲ; ಹದ ನೋಡಿ ಹರಗುವನು, ಹದ ನೋಡಿ ಬಿತ್ತುವನು. ಇಂಥ ಮನಸ್ಸುಳ್ಳವರ ಬಲವೂ ಹದದಲ್ಲಿರುವದು. ಬಾಳಿನ ಏರ್ಪಾಟು ಅವರ ಚಿತ್ತದ ಗುಣಕ್ಕೆ ಒಪ್ಪಿದರೆ ಫಲ, ಒಪ್ಪದಿದ್ದರೆ ಬಿರುಕು.

ನಮ್ಮ ಶಿಷ್ಯನು ಆ ಹದವನ್ನು ಹೇಗೆ ತಂದುಕೊಂಡನೆಂಬದನ್ನು ಹೇಳಿದರೆ ಗೃಹಸ್ಥರಿಗೆ ಉಪಯೋಗವಾದೀತು. ಕಾರಖಾನೆಯ ಗೋಡೆಗೆ ದೊಡ್ಡದೊಂದು ಕರಿಹಲಗೆಯಿದೆ. ಬಾಯಿಂದ ಹೇಳಿದ ವಾಯದೆಗೆ ಬೆಲೆಯಿಲ್ಲ, ಹಲಗೆಗೇರಿದ್ದೇ ವಾಯದೆ. ಒಂದೊಂದು ಯಂತ್ರದ ತಿರುಪುಗಳಿಗೆ ಒಂದೊಂದು ತಾಟು. ಒಂದು ತಾಟು ಬರಿದಾಗದೆ ಇನ್ನೊಂದು ಯಂತ್ರವನ್ನು ಬಿಚ್ಚಕೂಡದು. ಊಟಕ್ಕೂ ಮಗನ ಶಾಲೆಗೂ ಮೊಬೈಲಿನ ಗಂಟೆ. ಐದು ಸಾವಿರ ರೂಪಾಯಿ ಮೀರಿದ ಯಾವ ಖರೀದಿಯನ್ನೂ ಒಂದು ರಾತ್ರಿ ನಿದ್ರೆ ಮಾಡಿದ ಹೊರತು ಮಾಡಬಾರದು. ಲೆಕ್ಕ, ಉದ್ರಿ, ಬ್ಯಾಂಕು ಇವೆಲ್ಲ ಹೆಂಡತಿಯ ಕೈಯಲ್ಲಿವೆ. ಆ ದುಡಿತಕ್ಕೆಂದು ತಿಂಗಳಿಗಿಷ್ಟು ಹಣವನ್ನು ಅವಳ ಹೆಸರಿಗೆ ತೆಗೆದಿಡುತ್ತಾನೆ. ಇದನ್ನು ಕಂಡು ನಮಗೆ ಬಹಳ ಸಂತೋಷವಾಯಿತು. ಗಂಡನ ಮರೆವನ್ನು ಹೆಂಡತಿಯು ಬಾಯಿಮುಚ್ಚಿ ತುಂಬಿಕೊಡುತ್ತಿರುವ ಮನೆಯಲ್ಲಿ ಗಂಡನ ಬಲವನ್ನಷ್ಟೇ ಹೊಗಳಿದರೆ ಅದು ಯಾರ ಬಲವೆಂದು ಕೇಳಬೇಕಾಗುವದು.

ಸ್ತ್ರೀಯರ ವಿಷಯದಲ್ಲಿ ಇನ್ನೊಂದು ಮಾತು. ಹೆಣ್ಣುಮಕ್ಕಳಲ್ಲಿ ಈ ಸ್ಥಿತಿಯು ಅನೇಕ ವೇಳೆ ಹೊರಗಿನ ಓಡಾಟವಾಗಿ ಕಾಣದೆ ಒಳಗಿನ ಅಲೆದಾಟವಾಗಿರುವದರಿಂದ ಯಾರ ಕಣ್ಣಿಗೂ ಬೀಳದೆ ಹೋಗುವದು. ಒಲೆಯ ಮೇಲಿನ ಹಾಲು ಉಕ್ಕಿತು, ಮೂರು ಕೆಲಸ ಹಿಡಿದು ಒಂದೂ ಮುಗಿಯಲಿಲ್ಲ, ಬೀಗದ ಕೈ ಮತ್ತೆ ಕಳೆಯಿತು ಎಂದು ದಿನವೂ ಮಾತು ಕೇಳುವ ಸೊಸೆಯು ತನ್ನನ್ನು ತಾನೇ ಗೇಡಿಯೆಂದು ನಂಬಿಬಿಡುವಳು. ಅದೇ ಸೊಸೆ ಮದುವೆಮನೆಯಲ್ಲಿ ಒಮ್ಮೆಲೆ ನೂರು ಜನ ಬಂದಿಳಿದಾಗ ಎಲ್ಲರನ್ನೂ ಸುಧಾರಿಸಿದ್ದನ್ನು ಮನೆಯವರು ಮರೆತಿರುವರು. ಬಯ್ಯುವದಕ್ಕಿಂತ ಮೊದಲು ಒಮ್ಮೆ ವಿಚಾರಿಸಿರಿ.

ಆದರೆ ಈ ಲೇಖನವನ್ನು ಓದಿ ಯಾರೂ ತಮಗೆ ತಾವೇ ಹೆಸರು ಕಟ್ಟಿಕೊಳ್ಳಬಾರದು. ನಿದ್ರೆಗೇಡು, ಕಂಠಗ್ರಂಥಿಯ ದೋಷ, ಚಿಂತೆ, ಖಿನ್ನತೆ ಇವುಗಳಿಂದಲೂ ಲಕ್ಷ್ಯ ಕೆಡುವದುಂಟು. ಯಾವುದೆಂದು ನಿರ್ಣಯಿಸುವವರು ವೈದ್ಯರು. ಔಷಧವೆಂದರೆ ಅಂಜುವದೂ ಸಲ್ಲದು, ವೈದ್ಯರ ಚೀಟಿಯಿಲ್ಲದೆ ಮುಟ್ಟುವದೂ ಸಲ್ಲದು. ಸ್ವೀಡನ್ನಿನಲ್ಲಿ ಈ ಸ್ಥಿತಿಯುಳ್ಳ 17,408 ಜನರ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡಸರು ಔಷಧ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಅವರಿಗೆ ದೊಡ್ಡ ವಾಹನಾಪಘಾತಗಳಾಗುವ ಸಂಭವವು ಶೇಕಡಾ 58ರಷ್ಟು ಕಡಿಮೆಯಾಗಿತ್ತು. ಮನೆಮನೆಗೆ ಮೋಟಾರ್‌ಸೈಕಲ್ಲು ಬಂದಿರುವ ಈ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಎಲ್ಲರಿಗೂ ಔಷಧ ಬೇಕೆಂದಿಲ್ಲ. ಕೆಲವರಿಗೆ ಬಾಳಿನ ಏರ್ಪಾಟೂ ಸಲಹೆಯೂ ಸಾಕಾಗುವವು. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯು ಹತ್ತಿರ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರದಲ್ಲಿ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ಸೇವೆಯ 14416 ಎಂಬ ನಂಬರಿಗೆ ಫೋನು ಮಾಡಿದರೆ ದಿನದ ಯಾವ ಹೊತ್ತಿನಲ್ಲಿಯೂ ಖರ್ಚಿಲ್ಲದೆ ಸಲಹೆ ದೊರೆಯುವದು.

ಆ ದಿನ ಶಿಷ್ಯನು ಪ್ರಗತಿಪತ್ರವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡಾಗ ನಾವು ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಅವನು ಅದಕ್ಕೆ ಉತ್ತರವನ್ನೇ ಕೊಡದೆ, "ಗುರುಗಳ, ಇವಗ ದಿನಾ ಅರ್ಧಾ ತಾಸ ಸಂಸ್ಕೃತ ಹೇಳಿಕೊಡ್ರಿ, ನನಗ ಬರಲಿಲ್ಲ, ಇವಗರೆ ಬರಲಿ" ಎಂದನು. ಇಷ್ಟಕ್ಕೇ ಅವನು ಬಂದಿದ್ದನು.

ಅಂದಿನಿಂದ ಹುಡುಗನು ಸಂಜೆ ಬರುತ್ತಾನೆ. ಅರ್ಧ ತಾಸನ್ನು ನಾವು ಮೂರು ತುಂಡು ಮಾಡಿದ್ದೇವೆ. ನಡುವೆ ಹಿತ್ತಲ ಬಾವಿಯವರೆಗೆ ಒಂದು ಓಟ. ಕುಳಿತುಕೊಳ್ಳೆಂದು ನಾವು ಹೇಳುವದಿಲ್ಲ. ತಂದೆಯನ್ನು ಬಾಗಿಲ ಹೊರಗೆ ಶಿಕ್ಷೆಗೆಂದು ನಿಲ್ಲಿಸಿದ್ದೆವು. ಮಗನು ಅದೇ ಮಾಸ್ತರರ ಮನೆಯ ಹೊಸ್ತಿಲಲ್ಲಿ ತನ್ನಿಚ್ಛೆಯಿಂದ ನಿಂತು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ರಾಮಶಬ್ದದ ಏಳೂ ವಿಭಕ್ತಿಗಳನ್ನು ತಪ್ಪದೆ ಹೇಳುತ್ತಾನೆ.